ಮಗುವಿನ ಉಸಿರು ಎಣಿಸಿ ನೋಡಿ

(ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ಮಕ್ಕಳ ವೈದ್ಯನಾಗಿ ಆಡಿದ ಮಾತುಗಳ ಬರಹ ರೂಪ. ಕೆಲವು ಕಡೆ ಅಂಕಿಗಳನ್ನು ಸೇರಿಸಿದ್ದೇನೆ, ನಡುನಡುವೆ ಮರಾಠಿಗೆ ಜಾರಿದ್ದನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂಸು ಎತ್ತಿಕೊಂಡು ಕೂತಿರುವ ತಾಯಂದಿರೇ, ಮಗು ಅತ್ತರೆ ಎದ್ದು ಹೊರಗೆ ಹೋಗಬೇಡಿ. ಆ ಸದ್ದಿಲ್ಲದೆ ಮಾತಾಡಿ ನನಗೆ ರೂಢಿಯೇ ಇಲ್ಲ.

2025ರ ಜನವರಿ 6, ಸೋಮವಾರ. ಬೆಂಗಳೂರಿನ ಎರಡು ಕೂಸುಗಳಲ್ಲಿ ಉಸಿರಾಟಕ್ಕೆ ತಗುಲುವ ಎಚ್‌ಎಂಪಿವಿ ಎಂಬ ವೈರಸ್ಸಿನ ಸೋಂಕು ಕಂಡಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಹೇಳಿತು. ಒಂದಕ್ಕೆ ಮೂರು ತಿಂಗಳು, ಇನ್ನೊಂದಕ್ಕೆ ಎಂಟು. ಚೀನಾದ ಆಸ್ಪತ್ರೆಗಳದ್ದು ಎನ್ನಲಾದ ವಿಡಿಯೋಗಳು ಅದಕ್ಕೂ ಮೊದಲೇ ವಾಟ್ಸಾಪಿನಲ್ಲಿ ಸುತ್ತುತ್ತಿದ್ದವು. ಅಂದು ಸಂಜೆ ಮುಂಬಯಿಯಲ್ಲಿ ಸೆನ್ಸೆಕ್ಸ್ 1,258 ಅಂಶ ಕುಸಿದಿತ್ತು. ಕುಸಿಯಲು ಬೇರೆ ಕಾರಣಗಳೂ ಇದ್ದವು, ಆದರೆ ಸುದ್ದಿಯಲ್ಲಿ ಈ ವೈರಸ್ಸಿನ ಹೆಸರೂ ಸೇರಿಕೊಂಡಿತ್ತು. ನನಗೆ ವಿಜಯಪುರದಿಂದ, ಬೀದರದಿಂದ, ಇಲ್ಲೇ ಹಿಂಜವಡಿಯಿಂದ ಫೋನು. ಎಲ್ಲರದೂ ಒಂದೇ ಪ್ರಶ್ನೆ: “ಡಾಕ್ಟರ್ ಸಾಹೇಬ್ರ, ಮತ್ತ ಲಾಕ್‌ಡೌನ್ ಆಗತದೇನ್ರಿ?”

ಆ ಎರಡು ಕೂಸುಗಳ ಪೈಕಿ ಒಂದು ಆಗಲೇ ಗುಣವಾಗಿ ಮನೆಗೆ ಹೋಗಿತ್ತು, ಇನ್ನೊಂದು ಚೇತರಿಸಿಕೊಳ್ಳುತ್ತಿತ್ತು. ಎರಡೂ ವಿದೇಶ ಕಂಡಿರಲಿಲ್ಲ. ಅಂದರೆ ವೈರಸ್ ವಿಮಾನ ಹತ್ತಿ ಬಂದದ್ದಲ್ಲ, ಇಲ್ಲೇ ಇತ್ತು. ಎಷ್ಟು ಕಾಲದಿಂದ ಇತ್ತು ಎಂಬುದನ್ನು ಮೊದಲು ಹೇಳುತ್ತೇನೆ. ಇದನ್ನು ತಿಳಿದುಕೊಂಡವರು ಮುಂದಿನ ಸಲ ಇಂಥ ಸುದ್ದಿ ಬಂದಾಗ ಅಷ್ಟು ಗಾಬರಿಯಾಗುವುದಿಲ್ಲ.

ಇದರ ಪೂರ್ತಿ ಹೆಸರು ಹ್ಯೂಮನ್ ಮೆಟಾನ್ಯುಮೋವೈರಸ್. ಜಗತ್ತಿಗೆ ಇದರ ಪರಿಚಯವಾದದ್ದು 2001ರಲ್ಲಿ, ನೆದರ್ಲೆಂಡ್ಸ್ ದೇಶದ ರಾಟರ್‌ಡ್ಯಾಮಿನಲ್ಲಿ. ಅಲ್ಲಿನ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷಗಳಿಂದ ಕೂಡಿಟ್ಟ ಮಕ್ಕಳ ಮೂಗಿನ ದ್ರವದ ಮಾದರಿಗಳಿದ್ದವು. ನೆಗಡಿ, ಕೆಮ್ಮು, ಉಬ್ಬಸ ಇದ್ದ ಮಕ್ಕಳವು. ಗೊತ್ತಿರುವ ಯಾವ ವೈರಸ್ಸೂ ಅವುಗಳಲ್ಲಿ ಸಿಕ್ಕಿರಲಿಲ್ಲ. ಬರ್ನಡೆಟ್ ವಾನ್ ಡೆನ್ ಹೂಗನ್ ಮತ್ತು ಸಂಗಡಿಗರು ಅವನ್ನು ಬೇರೆ ವಿಧಾನದಿಂದ ಪರೀಕ್ಷಿಸಿದಾಗ 28 ಮಕ್ಕಳಲ್ಲಿ ಒಂದೇ ಬಗೆಯ, ಅದುವರೆಗೆ ಯಾರೂ ಹೆಸರಿಡದ ವೈರಸ್ ಸಿಕ್ಕಿತು. ಇಷ್ಟಾದ ಮೇಲೆ ಅವರು ಇನ್ನೊಂದು ಕೆಲಸ ಮಾಡಿದರು, ನನಗೆ ಮೆಚ್ಚುಗೆಯಾದದ್ದು ಅದು. 1958ರಲ್ಲಿ ತೆಗೆದಿಟ್ಟಿದ್ದ ರಕ್ತದ ಮಾದರಿಗಳನ್ನು ಹೊರಗೆ ತೆಗೆದು, ಇದೇ ವೈರಸ್ಸಿನ ವಿರುದ್ಧ ದೇಹ ತಯಾರಿಸಿಕೊಂಡ ರಕ್ಷಕ ಪ್ರೋಟೀನ್, ಅಂದರೆ ಪ್ರತಿಕಾಯ, ಇದೆಯೇ ಎಂದು ನೋಡಿದರು. ಇತ್ತು. ಐದು ವರ್ಷ ತುಂಬುವಷ್ಟರಲ್ಲಿ ಡಚ್ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಇದು ತಗುಲಿ ಹೋಗಿರುತ್ತದೆ ಎಂಬುದೂ ಗೊತ್ತಾಯಿತು.

ಹಾಗಾದರೆ ಅಷ್ಟು ಕಾಲ ಯಾರ ಕಣ್ಣಿಗೂ ಏಕೆ ಬೀಳಲಿಲ್ಲ? ಆಗಿನ ಪ್ರಯೋಗಾಲಯಗಳಲ್ಲಿ ವೈರಸ್ ಹುಡುಕುವುದೆಂದರೆ ಅದನ್ನು ಜೀವಕೋಶಗಳ ಮೇಲೆ ಬೆಳೆಸುವುದು. ಈ ವೈರಸ್ ಹಟಮಾರಿ. ಬೇರೆ ವೈರಸ್‌ಗಳು ಸಲೀಸಾಗಿ ಬೆಳೆಯುವ ಕೋಶಗಳಲ್ಲಿ ಇದು ಬೆಳೆಯುವುದಿಲ್ಲ, ಮಂಗನ ಮೂತ್ರಪಿಂಡದ ಕೋಶಗಳೇ ಬೇಕು. ಜೊತೆಗೆ ಟ್ರಿಪ್ಸಿನ್ ಎಂಬ ಕಿಣ್ವ ಹಾಕಬೇಕು. ಇಷ್ಟೆಲ್ಲ ಕೊಟ್ಟರೂ ನಿಧಾನವಾಗಿ ಬೆಳೆಯುತ್ತದೆ. ಅಷ್ಟರಲ್ಲಿ ಟೆಕ್ನಿಶಿಯನ್ ‘ವೈರಸ್ ಇಲ್ಲ’ ಎಂದು ಬರೆದು ತಟ್ಟೆ ತೊಳೆದಿರುತ್ತಾನೆ. ವೈರಸ್ಸಿನ ಆನುವಂಶಿಕ ಎಳೆಯನ್ನೇ ನೇರವಾಗಿ ಹುಡುಕುವ ತಂತ್ರ, ಕೋವಿಡ್ ಕಾಲದಲ್ಲಿ ನಮ್ಮೆಲ್ಲರ ಬಾಯಿಗೆ ಬಂದ ಪಿಸಿಆರ್, ಕೈಗೆ ಬಂದ ಮೇಲೆ ಇದು ಬಯಲಾಯಿತು.

ಇದಾದ ಮೇಲೆ ಅಮೆರಿಕದ ನ್ಯಾಶ್‌ವಿಲ್‌ನವರೂ ತಮ್ಮ ಫ್ರೀಜರ್ ತೆರೆದರು. 1976ರಿಂದ 2001ರವರೆಗಿನ ಇಪ್ಪತ್ತೈದು ವರ್ಷಗಳ ಮಾದರಿಗಳು ಅಲ್ಲಿದ್ದವು. ‘ಏನೂ ಸಿಗಲಿಲ್ಲ’ ಎಂದು ಎತ್ತಿಟ್ಟಿದ್ದ ಮಾದರಿಗಳಲ್ಲಿ ನೂರಕ್ಕೆ ಇಪ್ಪತ್ತರಲ್ಲಿ ಎಚ್‌ಎಂಪಿವಿ ಇತ್ತು. ಆ ಮಕ್ಕಳ ಸರಾಸರಿ ವಯಸ್ಸು ಹನ್ನೊಂದೂವರೆ ತಿಂಗಳು. ಅದು 2004ರಲ್ಲಿ ಪ್ರಕಟವಾಯಿತು.

ಅದೇ 2004ರಲ್ಲಿ ಭಾರತದ ಮೊದಲ ವರದಿಯೂ ಬಂತು. ಎಲ್ಲಿಂದ ಗೊತ್ತೇ? ಇದೇ ಪುಣೆಯಿಂದ. ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ವೈರಾಲಜಿಯವರು ನಮ್ಮೂರಿನ ವೈದ್ಯರ ಜೊತೆ ಸೇರಿ, ಉಸಿರಾಟದ ಸೋಂಕು ಇದ್ದ ಇಲ್ಲಿನ ಮಕ್ಕಳಲ್ಲೇ ಈ ವೈರಸ್ಸನ್ನು ಪತ್ತೆ ಹಚ್ಚಿದ್ದರು. ಬೆಂಗಳೂರಿನ ಸುದ್ದಿ ಬಂದ ದಿನ ಟಿವಿಯವರು ‘ಭಾರತಕ್ಕೆ ಕಾಲಿಟ್ಟ ವೈರಸ್’ ಎಂದು ಕೆಂಪು ಅಕ್ಷರದಲ್ಲಿ ಓಡಿಸುತ್ತಿದ್ದಾಗ, ಆ ವರದಿಗೆ ಇಪ್ಪತ್ತು ವರ್ಷವಾಗಿತ್ತು. ಸ್ಟುಡಿಯೋದಲ್ಲಿ ಕೂತವರಲ್ಲಿ ಒಬ್ಬರಾದರೂ ಪುಣೆಗೆ ಒಂದು ಫೋನು ಮಾಡಬಹುದಿತ್ತು.

ಈ ಸಂಸ್ಥೆಗೂ ಕನ್ನಡ ನಾಡಿಗೂ ಹಳೆಯ ನಂಟಿದೆ, ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಹೇಳಿಬಿಡುತ್ತೇನೆ. 1952ರಲ್ಲಿ ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ ಪುಣೆಯಲ್ಲಿ ವೈರಸ್ ರಿಸರ್ಚ್ ಸೆಂಟರ್ ತೆರೆದವು. 1978ರಲ್ಲಿ ಅದಕ್ಕೆ ಈಗಿನ ಹೆಸರು ಬಂತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹಬ್ಬಿದಾಗ, ಹಳದಿ ಜ್ವರ ನಮ್ಮ ದೇಶಕ್ಕೆ ಬಂದಿತೇ ಎಂಬ ಅನುಮಾನದಿಂದ ಇಲ್ಲಿನ ವಿಜ್ಞಾನಿಗಳು ಅಲ್ಲಿಗೆ ಹೋದರು. ಸಿಕ್ಕಿದ್ದು ಅದಲ್ಲ, ರಕ್ತ ಹೀರುವ ಉಣ್ಣೆ ಹುಳದಿಂದ ಹರಡುವ ಬೇರೆಯೇ ವೈರಸ್. ನಾವು ಮಂಗನ ಕಾಯಿಲೆ ಎನ್ನುವುದು ಅದನ್ನೇ. ಇವತ್ತು ಜಗತ್ತಿನ ಯಾವ ವೈರಾಣು ಪುಸ್ತಕ ತೆರೆದರೂ ಸೊರಬದ ಕಡೆಯ ಆ ಕಾಡಿನ ಹೆಸರು ಅದರಲ್ಲಿರುತ್ತದೆ. ಇದನ್ನು ಪತ್ತೆ ಹಚ್ಚಿದ್ದು ನಾವೀಗ ದಿನವೂ ಓಡಾಡುವ ಈ ಊರಿನ ಪ್ರಯೋಗಾಲಯ.

ಮತ್ತೆ ನಮ್ಮ ವಿಷಯಕ್ಕೆ. ಎಚ್‌ಎಂಪಿವಿಯ ಹತ್ತಿರದ ನೆಂಟ ಹಕ್ಕಿಗಳಲ್ಲಿದೆ. ಟರ್ಕಿ ಕೋಳಿಗಳ ಮೂಗು ಸೋರುವ ರೋಗಕ್ಕೆ ಕಾರಣವಾದ ವೈರಸ್ 1970ರ ದಶಕದ ಕೊನೆಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕಿತ್ತು. ಸುಮಾರು ಇನ್ನೂರು ವರ್ಷಗಳ ಹಿಂದೆ ಆ ಬಳಗದ ಒಂದು ಕವಲು ಹಕ್ಕಿಯಿಂದ ಮನುಷ್ಯನಿಗೆ ದಾಟಿರಬೇಕೆಂದು ಆನುವಂಶಿಕ ಲೆಕ್ಕಾಚಾರ ಹೇಳುತ್ತದೆ. ಹಾಗೆಂದು ಕೋಳಿ ತಿನ್ನುವುದನ್ನು ಬಿಡಬೇಕಿಲ್ಲ. ಈಗ ಇದು ಮನುಷ್ಯರದೇ ವೈರಸ್, ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ.

ಮನುಷ್ಯರಲ್ಲಿ ಇದರ ದೊಡ್ಡಣ್ಣ ಆರ್‌ಎಸ್‌ವಿ, ಅಂದರೆ ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್, ಅದೂ ಉಸಿರಾಟಕ್ಕೆ ತಗುಲುವಂಥದು. ಅದು ಸಿಕ್ಕಿದ್ದು 1956ರಲ್ಲಿ, ನೆಗಡಿಯಾಗಿದ್ದ ಚಿಂಪಾಂಜಿಗಳಲ್ಲಿ. ಮುಂದಿನ ವರ್ಷಗಳಲ್ಲಿ ಅದು ಮಕ್ಕಳದೇ ವೈರಸ್ ಎಂದು ಗೊತ್ತಾಯಿತು. ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. 2018ರಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಮಕ್ಕಳಲ್ಲಿ ಎಚ್‌ಎಂಪಿವಿಗೆ ಸಂಬಂಧಿಸಿದ ಶ್ವಾಸಕೋಶದ ಸೋಂಕು ಸುಮಾರು 1.42 ಕೋಟಿ, ಆಸ್ಪತ್ರೆ ಸೇರಿದವರು 6.43 ಲಕ್ಷ, ಸಾವು ಸುಮಾರು 16,100. ಇದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜು. ಆರ್‌ಎಸ್‌ವಿಯ 2019ರ ಅಂದಾಜು ನೋಡಿದರೆ ಸೋಂಕು 3.3 ಕೋಟಿ, ಆಸ್ಪತ್ರೆ ಸೇರಿದವರು 36 ಲಕ್ಷ, ಸಾವು ಒಂದು ಲಕ್ಷಕ್ಕೂ ಮೇಲೆ. ಅಷ್ಟು ದೊಡ್ಡದು ಪ್ರತಿ ಮಳೆಗಾಲದಲ್ಲಿ ನಮ್ಮ ವಾರ್ಡು ತುಂಬಿಸಿ ಹೋಗುತ್ತದೆ. ಅದರ ಬಗ್ಗೆ ನನಗೆ ಇವತ್ತಿನವರೆಗೆ ಒಂದು ವಾಟ್ಸಾಪ್ ಮೆಸೇಜೂ ಬಂದಿಲ್ಲ.

ಆದರೂ 16,100 ಸಣ್ಣ ಸಂಖ್ಯೆಯಲ್ಲ. ಎಚ್‌ಎಂಪಿವಿಯಿಂದ ಆಸ್ಪತ್ರೆಯಲ್ಲೇ ತೀರಿಕೊಂಡ ಮಕ್ಕಳಲ್ಲಿ ನೂರಕ್ಕೆ 64 ಆರು ತಿಂಗಳೊಳಗಿನವು. ಹಾಗಾಗಿ ‘ಬರೀ ನೆಗಡಿ, ಬಿಡಿ’ ಎನ್ನುವುದೂ ತಪ್ಪು, ‘ಇನ್ನೊಂದು ಕೋವಿಡ್’ ಎನ್ನುವುದೂ ತಪ್ಪು.

ದೊಡ್ಡವರಿಗೆ ನೆಗಡಿ ತರುವ ವೈರಸ್ಸೇ ಆರು ತಿಂಗಳ ಕೂಸಿಗೆ ಉಸಿರು ಕಟ್ಟಿಸುವುದೇಕೆ? ಇದು ಅಳತೆಯ ಪ್ರಶ್ನೆ. ದೊಡ್ಡವರ ಉಸಿರುನಾಳ ಎಂಟು ಮಿಲಿಮೀಟರ್ ಅಗಲ ಇದೆ ಎಂದುಕೊಳ್ಳಿ, ಕೂಸಿನದು ನಾಲ್ಕು. ಇಬ್ಬರಿಗೂ ಒಳಗೋಡೆ ಸುತ್ತ ಒಂದೇ ಒಂದು ಮಿಲಿಮೀಟರ್ ಬಾತುಕೊಂಡಿತು. ದೊಡ್ಡವರಿಗೆ ಆರು ಮಿಲಿಮೀಟರ್ ಉಳಿಯಿತು, ಕೂಸಿಗೆ ಎರಡು. ನಾಳ ಕಿರಿದಾದಂತೆ ಗಾಳಿಗೆ ಎದುರಾಗುವ ತಡೆ ನಾಲ್ಕನೆಯ ಘಾತದಲ್ಲಿ ಏರುತ್ತದೆ. ದೊಡ್ಡವರಿಗೆ ತಡೆ ಮೂರು ಪಟ್ಟು ಆದರೆ ಕೂಸಿಗೆ ಹದಿನಾರು ಪಟ್ಟು. ಬಾಜೀರಾವ್ ರಸ್ತೆಯಲ್ಲಿ ಒಂದು ಟೆಂಪೋ ಕೆಟ್ಟು ನಿಂತರೆ ಬೈದುಕೊಂಡಾದರೂ ಪಕ್ಕದಿಂದ ಹೋಗಬಹುದು, ಪೇಠೆಯ ಸಂದಿಯಲ್ಲಿ ನಿಂತರೆ ಊರೇ ನಿಂತಂತೆ. ಇನ್ನು ಶ್ವಾಸಕೋಶದೊಳಗಿನ ಎಳೆಯಂಥ ಕಿರುನಾಳಗಳಲ್ಲಿ ಸತ್ತ ಕೋಶಗಳು, ಲೋಳೆ ಸೇರಿ ಬಿರಡೆ ಹಾಕಿದಂತಾದರೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಇದನ್ನೇ ನಾವು ಬ್ರಾಂಕಿಯೋಲೈಟಿಸ್ ಎನ್ನುತ್ತೇವೆ. ಕೂಸಿನ ಎದೆಯಲ್ಲಿ ಗೊರ ಗೊರ, ಸುಂಯ್ ಎನ್ನುವ ಸದ್ದು ಅಲ್ಲಿಂದ ಬರುತ್ತದೆ.

ಸೋಂಕು ತಗುಲಿದ ಮೂರರಿಂದ ಆರು ದಿನದಲ್ಲಿ ಮೂಗು ಸೋರಲು ಶುರು. ಮೊದಲೆರಡು ದಿನ ನೆಗಡಿ, ಜ್ವರ. ಮೂರು, ನಾಲ್ಕು, ಐದನೆಯ ದಿನ ಉಸಿರಿನ ತೊಂದರೆ ಏರುವ ಕಾಲ. ಅದು ದಾಟಿದರೆ ಇಳಿಯುತ್ತದೆ, ಆದರೆ ಕೆಮ್ಮು ಎರಡು ಮೂರು ವಾರ ಎಳೆಯಬಹುದು. “ಹತ್ತು ದಿನಾ ಆತು, ಕೆಮ್ಮು ಹೋಗಿಲ್ಲ” ಎಂದು ಬರುವ ಮಗು ಆಟವಾಡುತ್ತ ಬಂದರೆ ನನಗೆ ಚಿಂತೆಯಿಲ್ಲ. ಮೂರನೆಯ ದಿನ ಹಾಲು ಕುಡಿಯದೆ ಸುಮ್ಮನೆ ತೋಳಲ್ಲಿ ಬಿದ್ದ ಮಗುವನ್ನು ಕಂಡರೆ ಚಿಂತೆ.

ಹಾಗಾದರೆ ಮನೆಯಲ್ಲಿ ನೋಡಬೇಕಾದದ್ದು ಏನು? ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ನಾನು ಬಂದದ್ದೇ ಇದಕ್ಕೆ. ಅಕ್ಕಾ, ನಿಮ್ಮ ಕೂಸು ಮಲಗಿದೆಯಲ್ಲ, ಏಳು ತಿಂಗಳು ಅಂದಿರಿ. ಸ್ವೆಟರ್ ಬಿಚ್ಚಿ, ಅಂಗಿ ಗಲ್ಲದವರೆಗೆ ಮೇಲೆತ್ತಿ. ಎಬ್ಬಿಸಬೇಡಿ. ಎಲ್ಲರೂ ಹೊಟ್ಟೆ ಮತ್ತು ಎದೆ ಸೇರುವ ಜಾಗ ನೋಡಿ. ಮೇಲೇರಿ ಕೆಳಗಿಳಿದರೆ ಒಂದು. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಂಡು ಎಣಿಸಿ.

(ಎಣಿಸಿದೆವು. ಒಬ್ಬರು 36 ಎಂದರು, ಒಬ್ಬರು 39. ಹಿಂದಿನ ಸಾಲಿನ ಯುವಕರೊಬ್ಬರು 74 ಎಂದಾಗ ತಾಯಿಗೆ ಗಾಬರಿಯಾಯಿತು. ಅವರು ಏರಿದ್ದನ್ನೂ ಇಳಿದದ್ದನ್ನೂ ಬೇರೆ ಬೇರೆ ಎಣಿಸಿದ್ದರು. ನನ್ನ ಲೆಕ್ಕ 38.)

ಏಳು ತಿಂಗಳ ಕೂಸಿಗೆ 38 ಚೆನ್ನಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಗಡಿ ಇದು: ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗಿನದು 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗಿನದು 40 ಅಥವಾ ಹೆಚ್ಚು ಉಸಿರಾಡಿದರೆ ಅದು ವೇಗದ ಉಸಿರು, ಡಾಕ್ಟರಿಗೆ ತೋರಿಸಬೇಕು. ಅಳುವಾಗ, ಹಾಲು ಕುಡಿಯುವಾಗ ಎಣಿಸಬೇಡಿ. ಜ್ವರ ಏರಿದ್ದರೆ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಇಂಜಿನಿಯರುಗಳು ಇಲ್ಲಿ ಬಹಳ ಮಂದಿ ಇದ್ದೀರಿ, ಆದರೆ ಕೂಸುಗಳು ಒಂದೇ ಲಯದಲ್ಲಿ ಉಸಿರಾಡುವುದಿಲ್ಲ.

ಸಂಖ್ಯೆಗಿಂತ ಮುಖ್ಯವಾದದ್ದು ಪಕ್ಕೆ. ಉಸಿರು ಒಳಗೆ ಎಳೆದಾಗ ಎದೆ ಹೊರಗೆ ಬರಬೇಕು. ಅದರ ಬದಲು ಕೆಳಗಿನ ಪಕ್ಕೆಯ ಭಾಗ ಗುಳಿ ಬಿದ್ದು ಒಳಗೆ ಸೆಳೆಯುತ್ತಿದ್ದರೆ ಸಂಖ್ಯೆ ಎಷ್ಟೇ ಇರಲಿ, ಆಸ್ಪತ್ರೆಗೆ ಹೊರಡಿ. ಪ್ರತಿ ಉಸಿರಿಗೂ ನರಳುವ ಸದ್ದು, ತುಟಿ ನೀಲಿಯಾಗುವುದು, ನಡುನಡುವೆ ಉಸಿರು ನಿಲ್ಲಿಸುವುದು, ಎಂದಿನ ಹಾಲಿನಲ್ಲಿ ಅರ್ಧವೂ ಕುಡಿಯದಿರುವುದು, ಆರೆಂಟು ಗಂಟೆ ಉಚ್ಚೆ ಹೋಗದಿರುವುದು, ಎಬ್ಬಿಸಿದರೂ ಏಳದಿರುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಎರಡು ತಿಂಗಳೊಳಗಿನ ಕೂಸು, ಅವಧಿಗೆ ಮೊದಲೇ ಹುಟ್ಟಿದ್ದು, ಹೃದಯದ ತೊಂದರೆ ಇರುವುದು, ಇವನ್ನು ಇನ್ನೂ ಬೇಗ ಕರೆತನ್ನಿ.

ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಎಲ್ಲರ ಮನೆಯಲ್ಲೂ ಇದೆ. ಅದು ದೊಡ್ಡವರ ಬೆರಳಿನದು. ಕೂಸಿನ ಬೆರಳಿಗೆ ಕೂಡುವುದಿಲ್ಲ, ಬಾಯಿಗೆ ಬಂದ ಸಂಖ್ಯೆ ತೋರಿಸುತ್ತದೆ. ರಾತ್ರಿ ಎರಡಕ್ಕೆ “82 ತೋರಸ್ತದ” ಎಂದು ಫೋನು ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ, ಕೂಸು ಏನು ಮಾಡುತ್ತಿದೆ? “ನಗಾಕತ್ತದ” ಎಂದರೆ ಆ ಯಂತ್ರ ಡ್ರಾಯರಿನಲ್ಲಿಡಿ ಎನ್ನುತ್ತೇನೆ.

ಇನ್ನು ಔಷಧ. ಎಚ್‌ಎಂಪಿವಿಯನ್ನೇ ಕೊಲ್ಲುವ ಔಷಧ ಇಲ್ಲ. ಆಂಟಿಬಯೋಟಿಕ್ ವೈರಸ್ಸಿಗೆ ನಾಟುವುದಿಲ್ಲ. ಆಸ್ಪತ್ರೆಯಲ್ಲಿ ಕೊಡುವುದು ಆಕ್ಸಿಜನ್, ನೀರು, ಹಾಲು, ಮೂಗು ಸ್ವಚ್ಛ ಮಾಡುವುದು, ಕಾಯುವುದು. “ಇಷ್ಟ ಬಿಲ್ ತಗೊಂಡು ಬರೇ ಆಕ್ಸಿಜನ್ ಕೊಟ್ರಾ?” ಎಂದು ಕೇಳುವವರಿದ್ದಾರೆ. ಹೌದು, ಅದೇ ಚಿಕಿತ್ಸೆ, ಅದೇ ಜೀವ ಉಳಿಸುತ್ತದೆ. ಮನೆಯಲ್ಲಾದರೆ ಉಪ್ಪುನೀರಿನ ಮೂಗಿನ ಹನಿ ಹಾಕಿ ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಮೊಲೆಹಾಲು ಕೊಡಿ. ಮೂಗು ಕಟ್ಟಿದ ಕೂಸಿಗೆ ಒಂದೇ ಸಲ ಹೊಟ್ಟೆ ತುಂಬ ಕುಡಿಯಲು ಆಗುವುದಿಲ್ಲ, ಮೂಗಿನಿಂದಲೇ ಅದು ಉಸಿರಾಡಬೇಕು.

ಪುಣೆಯ ಮನೆಗಳಲ್ಲಿ ಈಗ ಮಿಕ್ಸರ್ ಪಕ್ಕ ನೆಬ್ಯುಲೈಸರ್, ಅಂದರೆ ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ, ಇರುತ್ತದೆ. ಕೆಮ್ಮಿದರೆ ಮಾಸ್ಕ್ ಹಾಕು, ಸೀನಿದರೆ ಮಾಸ್ಕ್ ಹಾಕು. ಆಸ್ತಮಾ ಇರುವ ಮಗುವಿಗೆ ಅದು ಬೇಕು. ಆದರೆ ಮೊದಲ ಸಲ ಬ್ರಾಂಕಿಯೋಲೈಟಿಸ್ ಆದ ಕೂಸಿಗೆ ಉಸಿರುನಾಳ ಅಗಲಿಸುವ ಸಾಲ್ಬುಟಮಾಲ್ ಆಗಲಿ ಬಾವು ಇಳಿಸುವ ಸ್ಟೀರಾಯ್ಡ್ ಆಗಲಿ ವಾಡಿಕೆಯಂತೆ ಕೊಡಬೇಕಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೇಳಿದೆ. ಇದರಲ್ಲಿ ನಮ್ಮ ವೃತ್ತಿಯವರ ಪಾಲೂ ಇದೆ. ಬರೆದುಕೊಟ್ಟವರು ಯಾರು?

ಕೆಮ್ಮಿನ ಸಿರಪ್ಪಿನ ಮಾತು ಗಟ್ಟಿಯಾಗಿಯೇ ಹೇಳಬೇಕು. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್‌ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕಾರ್ಖಾನೆಯ ವಿಷ ನೂರಕ್ಕೆ 48.6ರಷ್ಟಿತ್ತು. ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧ ಬರೆಯಬೇಡಿ, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ ಆಗ ಸೂಚನೆ ಹೊರಡಿಸಿತು. ವಿಷ ಬೆರೆಯದ ಸಿರಪ್ಪಿನಿಂದಲೂ ಕೂಸಿಗೆ ಲಾಭವಿಲ್ಲ, ಮಂಪರು ಬರುತ್ತದೆ ಅಷ್ಟೆ. ಮಂಪರಿನಲ್ಲಿರುವ ಕೂಸಿನ ಉಸಿರು ನೋಡಿ ಏನು ತಿಳಿದೀತು?

ಲಸಿಕೆ ಯಾಕಿಲ್ಲ ಎಂದು ಕೇಳುತ್ತೀರಿ. ಈ ಬಳಗದ ವೈರಸ್‌ಗಳಿಗೆ ಲಸಿಕೆ ಮಾಡುವುದು ಕೈ ಸುಟ್ಟುಕೊಂಡ ಕೆಲಸ. 1966ರ ಸುಮಾರಿಗೆ ಅಮೆರಿಕದಲ್ಲಿ ಫಾರ್ಮಲಿನ್‌ನಿಂದ ಸಾಯಿಸಿದ ಆರ್‌ಎಸ್‌ವಿ ಲಸಿಕೆಯನ್ನು ಕೂಸುಗಳಿಗೆ ಕೊಟ್ಟರು. ಮುಂದಿನ ಚಳಿಗಾಲ ನಿಜವಾದ ವೈರಸ್ ಬಂದಾಗ, ಲಸಿಕೆ ಪಡೆದು ಸೋಂಕಾದ ಮಕ್ಕಳಲ್ಲಿ ನೂರಕ್ಕೆ 80 ಮಂದಿ ಆಸ್ಪತ್ರೆ ಸೇರಿದರು. ಪಡೆಯದವರಲ್ಲಿ ನೂರಕ್ಕೆ 5. ಇಬ್ಬರು ಮಕ್ಕಳು ತೀರಿಕೊಂಡರು. ರಕ್ಷಿಸಬೇಕಾದ ಲಸಿಕೆ ದೇಹವನ್ನು ತಪ್ಪು ದಿಕ್ಕಿಗೆ ತರಬೇತು ಮಾಡಿತ್ತು. ಆ ಪೆಟ್ಟಿನಿಂದ ಕ್ಷೇತ್ರ ದಶಕಗಳ ಕಾಲ ಹಿಂದೆ ಸರಿಯಿತು. ವೈರಸ್ ನಮ್ಮ ಕೋಶಕ್ಕೆ ಬೆಸೆದುಕೊಳ್ಳುವ ಮೊದಲು ಅದರ ಎಫ್ ಎಂಬ ಪ್ರೋಟೀನ್ ಯಾವ ಆಕಾರದಲ್ಲಿರುತ್ತದೆ ಎಂದು 2013ರಲ್ಲಿ ತಿಳಿದ ಮೇಲೆ ದಾರಿ ತೆರೆಯಿತು. 2023ರಲ್ಲಿ ಆರ್‌ಎಸ್‌ವಿಗೆ ಗರ್ಭಿಣಿಯರ ಲಸಿಕೆ ಅಮೆರಿಕ, ಯುರೋಪಿನಲ್ಲಿ ಬಂತು. ಕೂಸುಗಳಿಗೆ ನೇರವಾಗಿ ಪ್ರತಿಕಾಯ ಕೊಡುವ ಚುಚ್ಚುಮದ್ದೂ ಬಂದಿದೆ. ಎಚ್‌ಎಂಪಿವಿಯನ್ನೂ ಸೇರಿಸಿ ಮಾಡಿದ ಎಂಆರ್‌ಎನ್‌ಎ ಲಸಿಕೆಯ ಪ್ರಯೋಗವನ್ನು 2024ರಲ್ಲಿ ಕೂಸುಗಳಲ್ಲಿ ನಿಲ್ಲಿಸಬೇಕಾಯಿತು, ಲಸಿಕೆ ಪಡೆದವರಲ್ಲೇ ತೀವ್ರ ಆರ್‌ಎಸ್‌ವಿ ಹೆಚ್ಚಾಗಿ ಕಂಡಿತು. ತಡವಾಗುತ್ತಿದೆ ಎಂದು ಬೇಸರವಾಗುತ್ತದೆ, ಆದರೆ ನಿಲ್ಲಿಸಿದವರು ಸರಿಯಾದದ್ದನ್ನೇ ಮಾಡಿದರು.

ಹೀಗೆಂದು ಕೈಕಟ್ಟಿ ಕೂರಬೇಕಿಲ್ಲ. ನನಗೆ ಅತಿ ಉಪಯುಕ್ತ ಎನಿಸಿದ ಸಂಗತಿ ದಕ್ಷಿಣ ಆಫ್ರಿಕಾದಿಂದ ಬಂದದ್ದು. ಅಲ್ಲಿ ಮಕ್ಕಳಿಗೆ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದ ಲಸಿಕೆ ಕೊಟ್ಟು ನೋಡಿದಾಗ, ಎಚ್‌ಎಂಪಿವಿಯಿಂದ ಆಸ್ಪತ್ರೆ ಸೇರುವವರ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. 2006ರಲ್ಲಿ ಇದು ಪ್ರಕಟವಾಯಿತು. ಲಸಿಕೆ ಬ್ಯಾಕ್ಟೀರಿಯಾದ್ದು, ಇಳಿದದ್ದು ವೈರಸ್ಸಿನ ಕಾಟ. ವೈರಸ್ ಬಾಗಿಲು ಮುರಿದ ಮೇಲೆ ಹಿಂದಿನಿಂದ ನ್ಯುಮೋಕಾಕಸ್ ನುಗ್ಗುತ್ತದೆ, ಕೂಸನ್ನು ಆಸ್ಪತ್ರೆಗೆ ತಳ್ಳುವುದರಲ್ಲಿ ಅದರ ಕೈವಾಡ ದೊಡ್ಡದು ಎಂಬುದು ಇದರ ಅರ್ಥ. ಆ ಲಸಿಕೆ, ಪಿಸಿವಿ, ಈಗ ನಮ್ಮ ಸರ್ಕಾರಿ ಲಸಿಕಾ ಪಟ್ಟಿಯಲ್ಲಿದೆ. 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ದೇಶಕ್ಕೆಲ್ಲ ಬಂತು. ಆರು ವಾರಕ್ಕೆ ಒಂದು, ಹದಿನಾಲ್ಕು ವಾರಕ್ಕೆ ಒಂದು, ಒಂಬತ್ತು ತಿಂಗಳಿಗೆ ಬೂಸ್ಟರ್. ಕಾಸು ಕೊಡಬೇಕಿಲ್ಲ. ಇಂಥದೊಂದು ಲಸಿಕೆಯನ್ನು ನಮ್ಮ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ 2020ರ ಡಿಸೆಂಬರ್‌ನಲ್ಲಿ ಹೊರತಂದಿತು, ನಿಮ್ಮಲ್ಲಿ ಕೆಲವರು ಹಡಪ್ಸರಕ್ಕೆ ಹೋಗುವಾಗ ಆ ದಾರಿಯಲ್ಲೇ ಹಾಯುತ್ತೀರಿ.

ಉಳಿದಂತೆ ಹೇಳುವುದು ಹಳೆಯದೇ. ವೈರಸ್ಸಿಗೆ ಕೊಬ್ಬಿನ ಹೊದಿಕೆ ಇದೆ, ಸಾಬೂನಿಗೆ ಕರಗುತ್ತದೆ, ಕೈ ತೊಳೆಯಿರಿ. ತೊಟ್ಟಿಲ ಕಾರ್ಯಕ್ರಮಕ್ಕೆ ನೂರು ಜನ ಬರಲಿ, ಊಟ ಮಾಡಲಿ, ಕೂಸನ್ನು ಕೈಯಿಂದ ಕೈಗೆ ದಾಟಿಸಬೇಡಿ. ನೆಗಡಿಯಾದ ಸೋದರಮಾವ ದೂರದಿಂದಲೇ ಉಂಗುರ ತೋರಿಸಲಿ. ಮುದ್ದು ಕೊಡಲೇಬೇಕೆಂದರೆ ಪಾದಕ್ಕೆ ಕೊಡಿ.

ಈಗ ಪ್ರಶ್ನೆಗಳು. ಮೂರನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

ಮೊದಲು ಎದ್ದವರು ಕಲಬುರಗಿ ಕಡೆಯ ಒಬ್ಬ ಅಜ್ಜಿ. “ನಾಕ ಮಕ್ಕಳನ್ನ ಲೋಬಾನದ ಹೊಗೀ ಹಾಕೇ ಬೆಳಸೀನ್ರಿ. ಯಾರಿಗೂ ಏನೂ ಆಗಿಲ್ಲ. ಈಗ ಬ್ಯಾಡ ಅಂದ್ರ ಹೆಂಗ?”

ಅಮ್ಮಾ, ನಿಮ್ಮ ಮನೆಗೆ ಆಗ ಅಂಗಳ ಇತ್ತು, ಬೆಳಕಿಂಡಿ ಇತ್ತು. ನಿಮ್ಮ ಮೊಮ್ಮಗ ಇರುವುದು ಹನ್ನೊಂದನೆಯ ಮಹಡಿಯ ಮುಚ್ಚಿದ ಕೋಣೆಯಲ್ಲಿ. ಎಣ್ಣೆ ನೀರು ಹಾಕಿ, ಬೆಚ್ಚಗೆ ಸುತ್ತಿ ಮಲಗಿಸಿ, ಅದು ಒಳ್ಳೆಯದೇ. ಓಮ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಯಾವುದರದೇ ಹೊಗೆಯಾದರೂ ಬಾತುಕೊಂಡ ಎದೆಗೆ ಹೊಗೆಯೇ. ಮೂಗಿಗೆ ಎಣ್ಣೆ ಬಿಡಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಬೇರೆ ತರದ ನ್ಯುಮೋನಿಯಾ ಆಗುತ್ತದೆ. ಕರ್ಪೂರದ ಪೊಟ್ಟಣ ಕೊರಳಿಗೆ ಕಟ್ಟಬೇಡಿ, ಕರ್ಪೂರದಿಂದ ಕೂಸಿಗೆ ಫಿಟ್ಸ್ ಬರಬಹುದು. ವರ್ಷ ತುಂಬುವವರೆಗೆ ಜೇನು ಬೇಡ. ಇನ್ನು ಪಕ್ಕೆ ಸೆಳೆಯುತ್ತದೆ ಎಂದು ಊರಲ್ಲಿ ಹೊಟ್ಟೆಗೆ ಬರೆ ಹಾಕಿಸುತ್ತಾರಲ್ಲ, ಆ ಗುರುತಿರುವ ಕೂಸುಗಳು ಇವತ್ತಿಗೂ ನನ್ನ ಬಳಿ ಬರುತ್ತವೆ. ಪಕ್ಕೆ ಸೆಳೆಯುವುದನ್ನು ಅವರು ಸರಿಯಾಗಿಯೇ ಗುರುತಿಸಿರುತ್ತಾರೆ. ಅಲ್ಲಿಂದ ಆಸ್ಪತ್ರೆಗೆ ಹೋಗುವ ಬದಲು ಬೇರೆ ಮನೆಗೆ ಹೋಗಿರುತ್ತಾರೆ.

ಎರಡನೆಯದು ಖರಾಡಿಯ ಒಬ್ಬ ತಂದೆಯದು. ಮಗಳಿಗೆ ನೆಗಡಿಯಾದಾಗ ಇಪ್ಪತ್ತು ವೈರಸ್ ಹುಡುಕುವ ಪ್ಯಾನೆಲ್ ಟೆಸ್ಟ್ ಮಾಡಿಸಿದ್ದರು, ಸಾವಿರಾರು ರೂಪಾಯಿ ಕೊಟ್ಟು. ಪ್ರತಿ ಸಲವೂ ಮಾಡಿಸಬೇಕೇ?

ಬೇಡ. ರಿಪೋರ್ಟಿನಲ್ಲಿ ಎಚ್‌ಎಂಪಿವಿ ಎಂದಿದ್ದರೂ ಆರ್‌ಎಸ್‌ವಿ ಎಂದಿದ್ದರೂ ಮನೆಯಲ್ಲಿರುವ ಮಗುವಿಗೆ ನಾನು ಹೇಳುವುದು ಒಂದೇ. ಐಸಿಯುನಲ್ಲಿರುವ ಮಗುವಿಗೆ, ರೋಗನಿರೋಧಕ ಶಕ್ತಿ ಕುಂದಿದ ಮಗುವಿಗೆ, ಫ್ಲೂ ಅನುಮಾನ ಇದ್ದು ಔಷಧ ಕೊಡಬೇಕಾದಾಗ ಪರೀಕ್ಷೆಗೆ ಅರ್ಥವಿದೆ. ಊರಿನಲ್ಲಿ ಯಾವ ವೈರಸ್ ಯಾವ ತಿಂಗಳು ಓಡಾಡುತ್ತಿದೆ ಎಂದು ತಿಳಿಯಲು ವೈರಾಲಜಿಯವರಿಗೆ ಅದು ಬೇಕೇ ಬೇಕು, ಇಲ್ಲದಿದ್ದರೆ ಲಸಿಕೆಯ ಲೆಕ್ಕ ಹಾಕುವುದು ಹೇಗೆ? ಆದರೆ ಅದು ಸರ್ಕಾರದ ಖರ್ಚಿನಲ್ಲಿ ಆಗಬೇಕಾದ ಕೆಲಸ, ನಿಮ್ಮ ಜೇಬಿನಿಂದಲ್ಲ. ಅಂದಹಾಗೆ ಒಮ್ಮೆ ಬಂದರೆ ಇದು ಮತ್ತೆ ಬರುವುದಿಲ್ಲ ಎಂದೇನೂ ಇಲ್ಲ. ಜೀವಮಾನದಲ್ಲಿ ಹಲವು ಸಲ ಬರುತ್ತದೆ, ದೊಡ್ಡವರಾದಂತೆ ಹಗುರಾಗುತ್ತದೆ, ಮುಪ್ಪಿನಲ್ಲಿ ಮತ್ತೆ ಭಾರವಾಗುತ್ತದೆ. ಹಾಗಾಗಿ ಅಜ್ಜನ ಕೆಮ್ಮಿನ ಕಡೆಗೂ ಒಂದು ಕಣ್ಣಿರಲಿ.

ಕೊನೆಯದು ವಾಘೋಲಿಯ ಕಟ್ಟಡ ಕೆಲಸದ ಮುಕಾದಮರೊಬ್ಬರದು. “ನಮ್ಮ ಮಂದಿ ಯಾದಗಿರಿಯವ್ರು. ಆರ ತಿಂಗಳ ಇಲ್ಲಿ ಪತ್ರಾ ಶೆಡ್ಡಿನಾಗ, ಆರ ತಿಂಗಳ ಊರಾಗ. ಕೂಸುಗಳ ಸೂಜಿ ಅರ್ಧಕ್ಕ ನಿಂತಾವ. ಇಲ್ಲಿ ಹೋದ್ರ ನಿಮ್ಮ ಆಧಾರ ಕಾರ್ಡ ಕರ್ನಾಟಕದ್ದು ಅಂತ ವಾಪಸ್ ಕಳಸ್ಯಾರ್ರಿ. ಎಲ್ಲಿ ಹೋಗೂದು?”

ವಾಪಸ್ ಕಳಿಸಿದ್ದು ತಪ್ಪು. ಸರ್ಕಾರಿ ಲಸಿಕೆ ದೇಶದ ಯಾವ ಮೂಲೆಯ ಕೂಸಿಗೂ ಯಾವ ಸರ್ಕಾರಿ ಕೇಂದ್ರದಲ್ಲಾದರೂ ಉಚಿತ. ಊರಲ್ಲಿ ಕೊಟ್ಟ ತಾಯಿ ಕಾರ್ಡು ಇದ್ದರೆ ತೆಗೆದುಕೊಂಡು ಹೋಗಿ. ಅದರಲ್ಲಿ ಕನ್ನಡ ಇದ್ದರೂ ತಾರೀಖು, ಲಸಿಕೆಯ ಹೆಸರು ನರ್ಸಿಗೆ ಗೊತ್ತಾಗುತ್ತದೆ. ಕಳೆದಿದ್ದರೆ ಊರಿನ ಆಶಾ ಕಾರ್ಯಕರ್ತೆಗೆ ಫೋನು ಮಾಡಿ ಅವರ ರಿಜಿಸ್ಟರಿನ ಆ ಪುಟದ ಫೋಟೋ ತರಿಸಿಕೊಳ್ಳಿ. ಅರ್ಧಕ್ಕೆ ನಿಂತದ್ದನ್ನು ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಪಿಸಿವಿಯ ಒಂದೂ ಡೋಸ್ ಆಗದ ಕೂಸಿದ್ದರೆ ಅದರ ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ಕರೆದುಕೊಂಡು ಹೋಗಿ. ಶೆಡ್ಡಿನಲ್ಲಿ ಎಷ್ಟು ಕೂಸುಗಳಿವೆ, ಯಾವುದಕ್ಕೆ ಎಷ್ಟು ತಿಂಗಳು ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ಸಭೆ ಮುಗಿದ ಮೇಲೆ ಹೋಗಬೇಡಿ, ಇಲ್ಲೇ ನಿಲ್ಲಿ. ನಿಮ್ಮ ಕಡೆಯ ಆರೋಗ್ಯ ಕೇಂದ್ರದವರ ಜೊತೆ ಮರಾಠಿಯಲ್ಲಿ ನಾನೇ ಮಾತಾಡುತ್ತೇನೆ.